ಒಂಬತ್ತು ದಿನದಿಂದ ರೊಟ್ಟಿ ಮುಟ್ಟಿಲ್ಲ, ಮೇಡಂ

ಈ ಸಲ ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೂರರಲ್ಲೂ ಹದಿಹರೆಯದ ಮಕ್ಕಳಿದ್ದಾರೆ, ಮೂರರಲ್ಲೂ ಊಟ ಬಿಡುವ ಮಾತಿದೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಬೇಕಾಯಿತು. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 16 ವರ್ಷ. ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಎತ್ತರ 157 ಸೆಂ.ಮೀ., ತೂಕ 65 ಕೆ.ಜಿ. ಇತ್ತು. ಹೋದ ತಿಂಗಳು ಮದುವೆಮನೆಯಲ್ಲಿ ನಮ್ಮ ಅತ್ತೆಯೊಬ್ಬರು ಎಲ್ಲರ ಮುಂದೆ, ‘ಏನೇ, ಇಷ್ಟು ದಪ್ಪ ಆಗಿದ್ದೀಯ, ಅಮ್ಮನೂ ಮಗಳೂ ಒಂದೇ ಥರ ಕಾಣ್ತೀರಿ’ ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡಪ್ಪನ ಮಗ ಅಣ್ಣ ಜಿಮ್‌ಗೆ ಹೋಗ್ತಾನೆ, 12 ಕೆ.ಜಿ. ಇಳಿಸಿದ್ದಾನೆ. ಅವನು ತನ್ನ ಡಯಟ್ ಚಾರ್ಟ್ ವಾಟ್ಸಾಪ್‌ನಲ್ಲಿ ಕಳಿಸಿದ. ಅನ್ನ, ರೊಟ್ಟಿ, ಬೇಳೆ, ಹಾಲು, ಬಾಳೆಹಣ್ಣು ಯಾವುದೂ ಇಲ್ಲ. ಪನೀರ್, ಚೀಸ್, ತುಪ್ಪ, ಬಾದಾಮಿ, ಮೊಟ್ಟೆ ತಿನ್ನಬೇಕು. ನಮ್ಮ ಮನೆಯಲ್ಲಿ ಮೊಟ್ಟೆ ತರಲ್ಲ. ಪನೀರ್ ದಿನಾ ತರಿಸೋಕೆ ಅಪ್ಪನಿಗೆ ಹೇಳೋಕೆ ಆಗಲ್ಲ. ಹಾಗಾಗಿ ತುಪ್ಪ ಹಾಕಿದ ಕಾಫಿ, ಸೌತೆಕಾಯಿ, ಸೊಪ್ಪಿನ ಪಲ್ಯ, ಸ್ವಲ್ಪ ಪನೀರ್, ಇಷ್ಟೇ. ಇವತ್ತಿಗೆ ಒಂಬತ್ತು ದಿನ. 3 ಕೆ.ಜಿ. ಇಳಿದಿದ್ದೇನೆ! ಆದರೆ ತಲೆನೋವು ಬಿಡುತ್ತಿಲ್ಲ. ನಾಲ್ಕು ದಿನದಿಂದ ಮೋಷನ್ ಸರಿಯಾಗಿ ಆಗಿಲ್ಲ. ಫಿಸಿಕ್ಸ್ ಕ್ಲಾಸಿನಲ್ಲಿ ಹೇಳಿದ್ದು ತಲೆಗೇ ಹೋಗ್ತಿಲ್ಲ. ಬಾಯಿ ವಾಸನೆ ಬರ್ತಿದೆ ಅಂತ ಪಕ್ಕದ ಹುಡುಗಿ ಹೇಳಿದಳು. ದಿನಕ್ಕೆ ಮೂರು ಸಲ ತೂಕ ನೋಡಿಕೊಳ್ಳುತ್ತೇನೆ. ಅಮ್ಮ ತಟ್ಟೆ ಮುಂದೆ ಇಟ್ಟು ಅಳುತ್ತಾಳೆ. ಎರಡು ತಿಂಗಳಲ್ಲಿ ಪ್ರಿಪರೇಟರಿ ಎಕ್ಸಾಮ್ ಇದೆ, ಅಷ್ಟರೊಳಗೆ 50 ಕೆ.ಜಿ. ಆಗಬೇಕು ಅಂತ ಇದ್ದೇನೆ.

ಮೊದಲು ನಾನು ತಿನ್ನುತ್ತಿದ್ದದ್ದು: ಬೆಳಿಗ್ಗೆ ಟೀ-ಬಿಸ್ಕತ್ತು, ಆಮೇಲೆ ಅವಲಕ್ಕಿ ಅಥವಾ ಮಂಡಕ್ಕಿ ಒಗ್ಗರಣೆ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಅಥವಾ ಪುಳಿಯೋಗರೆ. ನಾಲ್ಕೂವರೆಗೆ ಟ್ಯೂಷನ್‌ಗೆ ಹೋಗುವ ಮುಂಚೆ ಬೇಕರಿಯಲ್ಲಿ ಪಫ್ಸ್, ಒಂದು ಕೂಲ್‌ಡ್ರಿಂಕ್ಸ್. ರಾತ್ರಿ ಒಂಬತ್ತಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ-ಸಾರು. ದಿನಕ್ಕೆ ಮೂರು ಟೀ. ಮಲಗೋದು ಹನ್ನೆರಡೂವರೆ, ಏಳೋದು ಐದಕ್ಕೆ.

ಇನ್ನೊಂದು ಮಾತು. ಒಂದು ವರ್ಷದಿಂದ ಪೀರಿಯಡ್ಸ್ ಎರಡು ತಿಂಗಳಿಗೊಮ್ಮೆ ಆಗುತ್ತಿದೆ. ಕುತ್ತಿಗೆ ಹಿಂದೆ ಕಪ್ಪಾಗಿದೆ. ಕಡಲೆಹಿಟ್ಟು ಹಾಕಿ ಉಜ್ಜು ಅಂತಾರೆ ಅಜ್ಜಿ. ಉಜ್ಜಿದರೂ ಹೋಗ್ತಿಲ್ಲ. ಡಯಟ್ ಮುಂದುವರಿಸಲಾ?

ಉತ್ತರ: ಮಗಳೇ, ಮುಂದುವರಿಸಬೇಡ. ಇವತ್ತು ರಾತ್ರಿಯೇ ನಿಲ್ಲಿಸು. ಅಮ್ಮ ತಟ್ಟುವ ರೊಟ್ಟಿಯಲ್ಲಿ ಒಂದು ತಿನ್ನು. ಜೊತೆಗೆ ಹೆಸರುಕಾಳು ಪಲ್ಯ ಇರಲಿ, ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಉಳಿದದ್ದನ್ನು ಊಟ ಆದ ಮೇಲೆ ಓದು.

ನೀನು ಕೊನೆಗೆ ಸುಮ್ನೆ ಸೇರಿಸಿದ ಎರಡು ವಿಷಯ, ಕುತ್ತಿಗೆಯ ಕಪ್ಪು ಮತ್ತು ಎರಡು ತಿಂಗಳಿಗೊಮ್ಮೆ ಆಗುವ ಮುಟ್ಟು, ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಅದಕ್ಕೆ ಬರುತ್ತೇನೆ. ಮೊದಲು ಈ ಒಂಬತ್ತು ದಿನ ನಿನ್ನ ಮೈಯಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಸೈನ್ಸ್ ಓದುವ ಹುಡುಗಿ, ಕಾರಣ ಗೊತ್ತಾದರೆ ನೀನೇ ಒಪ್ಪುತ್ತೀಯ.

ನಾವು ತಿಂದ ಅನ್ನ-ರೊಟ್ಟಿಯಲ್ಲಿ ಒಂದು ಪಾಲನ್ನು ದೇಹ ಗ್ಲೈಕೋಜನ್ ಅನ್ನುವ ರೂಪದಲ್ಲಿ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಇಟ್ಟುಕೊಳ್ಳುತ್ತದೆ. ಆಪತ್ತಿಗೆ ಅಂತ ಅಟ್ಟದ ಮೇಲಿಟ್ಟ ಕಾಳಿನ ಹಾಗೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ನೀನು ಕಾರ್ಬ್, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಪಿಷ್ಟ-ಸಿಹಿಯ ಅಂಶ, ನಿಲ್ಲಿಸಿದೆ. ಎರಡು-ಮೂರು ದಿನದಲ್ಲಿ ಆ ದಾಸ್ತಾನು ಬಹುಪಾಲು ಖಾಲಿಯಾಯಿತು. ಅದರ ಜೊತೆಗಿದ್ದ ನೀರು ಹೊರಗೆ ಹೋಯಿತು, ನೀರಿನ ಜೊತೆ ಉಪ್ಪಿನಂಶವೂ ಹೋಯಿತು. ನಿನ್ನ 3 ಕೆ.ಜಿ.ಯಲ್ಲಿ ದೊಡ್ಡ ಪಾಲು ಈ ನೀರೇ. ತಲೆನೋವಿಗೂ ಮುಖ್ಯ ಕಾರಣ ಇದೇ. ಬಾಯಿ ವಾಸನೆ ಯಾಕೆ ಅಂದರೆ, ಕೊಬ್ಬು ಉರಿದು ಕೀಟೋನ್ ಅನ್ನುವ ವಸ್ತು ತಯಾರಾಗುತ್ತದೆ, ಅದರಲ್ಲಿ ಒಂದಾದ ಅಸಿಟೋನ್ ಉಸಿರಿನಲ್ಲಿ ಹೊರಬರುತ್ತದೆ. ಕೆಮಿಸ್ಟ್ರಿಯಲ್ಲಿ ಓದಿದ್ದೀಯಲ್ವಾ, ಅದೇ ಅಸಿಟೋನ್. ಮಲಬದ್ಧತೆ ಆದದ್ದು ಕಾಳು, ಧಾನ್ಯ, ಹಣ್ಣಿನ ನಾರು ಹೊಟ್ಟೆಗೆ ಬೀಳದೇ ಇದ್ದದ್ದರಿಂದ.

ಫಿಸಿಕ್ಸ್ ತಲೆಗೆ ಹೋಗದ್ದಕ್ಕೂ ಕಾರಣ ಇದೆ. ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಕೇಳುತ್ತದೆ. ನಮ್ಮ ದೇಶದ ಶಿಫಾರಸು ಪಟ್ಟಿಯಲ್ಲಿ ದಿನಕ್ಕೆ ಕನಿಷ್ಠ 130 ಗ್ರಾಂ ಕಾರ್ಬ್ ಅಂತ ಇಟ್ಟಿರುವುದು ಇದೇ ಲೆಕ್ಕದ ಮೇಲೆ. ಗ್ಲೂಕೋಸ್ ಸಾಲದಿದ್ದರೆ ಮೆದುಳು ಕೀಟೋನ್ ಬಳಸಲು ಕಲಿಯುತ್ತದೆ, ನಿಜ. ಆದರೆ ಕಲಿಯುವ ಹೊತ್ತಿನಲ್ಲಿ ತಲೆ ಮಂಕಾಗುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ನಿನಗೆ ಇದು ಬೇಕಾ?

ಈಗ ನಿನ್ನ ಅಣ್ಣನ ಚಾರ್ಟ್. ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಇಂಥ ಊಟಕ್ಕೆ ಕೀಟೋ ಅನ್ನುತ್ತಾರೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ತಂಗಿಗೆ ಒಳ್ಳೆಯದಾಗಲಿ ಅಂತಲೇ ಕಳಿಸಿದ್ದಾನೆ. ಆದರೆ ಅದು ಬೆಳವಣಿಗೆ ಮುಗಿದ ಗಂಡಸಿನ ಚಾರ್ಟ್, ಅದೂ ಮೊಟ್ಟೆ ತಿನ್ನುವವನದು. ನಿನ್ನಂಥ ಸಸ್ಯಾಹಾರಿ ಹುಡುಗಿಗೆ ಅದರಲ್ಲಿ ಒಂದು ದೊಡ್ಡ ಮೋಸ ಇದೆ. ನಮಗೆ ಪ್ರೊಟೀನ್ ಬರುವುದೇ ಬೇಳೆ-ಕಾಳಿನಿಂದ, ಹಾಲು-ಮೊಸರಿನಿಂದ. 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೊಟೀನ್ ಇದೆ, ಆದರೆ ಅರ್ಧಕ್ಕಿಂತ ಹೆಚ್ಚು ಭಾಗ ಕಾರ್ಬ್. ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಕಾರ್ಬ್ ಇರಬೇಕು ಅನ್ನುವ ಕೀಟೋ ಲೆಕ್ಕದಲ್ಲಿ ಬೇಳೆಗೆ ಜಾಗವೇ ಸಿಗುವುದಿಲ್ಲ. ಅಂದರೆ ನೀನು ರೊಟ್ಟಿ ಬಿಡೋಕೆ ಹೋಗಿ ಪ್ರೊಟೀನನ್ನೇ ಬಿಟ್ಟಿದ್ದೀಯ. ನಿನ್ನ ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೊಟೀನ್ ಬೇಕು. ಸೌತೆಕಾಯಿ, ಸೊಪ್ಪು, ತುಪ್ಪದ ಕಾಫಿ, ನಾಲ್ಕು ತುಂಡು ಪನೀರ್‌ನಲ್ಲಿ ನಿನಗೆ ಅರ್ಧವೂ ಸಿಕ್ಕಿರುವುದು ಕಷ್ಟ. ಇಂಥ ಸಮಯದಲ್ಲಿ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ.

ಕೀಟೋ ಅನ್ನುವುದು ಹುಟ್ಟಿದ್ದು ತೂಕ ಇಳಿಸೋಕೆ ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಫಿಟ್ಸ್ ರೋಗಿಗಳಿಗಾಗಿ ಅದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಇವತ್ತಿಗೂ ಕೊಡುತ್ತಾರೆ. ನಾನೂ ಅಂಥ ಮಕ್ಕಳಿಗೆ ಊಟದ ಪಟ್ಟಿ ಮಾಡಿಕೊಟ್ಟಿದ್ದೇನೆ. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಿ ಕೊಡಬೇಕು. ವಿಟಮಿನ್, ಕ್ಯಾಲ್ಸಿಯಂ ಮಾತ್ರೆ ಜೊತೆಗಿರಬೇಕು. ಕಿಡ್ನಿಯಲ್ಲಿ ಕಲ್ಲಾಗಿದೆಯಾ, ಮಗು ಎತ್ತರ ಬೆಳೆಯುತ್ತಿದೆಯಾ, ರಕ್ತದಲ್ಲಿ ಕೊಬ್ಬು ಏರಿದೆಯಾ ಅಂತ ಮತ್ತೆಮತ್ತೆ ನೋಡುತ್ತಿರಬೇಕು. ಔಷಧಿ ಥರ ಕೊಡುವ ಊಟ ಅದು. ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೋ ನೋಡಿ ಯಾರೂ ಇಂಜೆಕ್ಷನ್ ತಗೊಳ್ಳಲ್ಲ, ಅಲ್ವಾ?

ಹಾಗಂತ ನಿನ್ನ ಹಳೆಯ ಊಟ ಸರಿಯಾಗಿತ್ತು ಅಂತಲೂ ನಾನು ಹೇಳೋದಿಲ್ಲ. ನಿನ್ನ ಎತ್ತರಕ್ಕೆ 65 ಕೆ.ಜಿ. ಜಾಸ್ತಿಯೇ. ನಮ್ಮ ತಟ್ಟೆಗಳಲ್ಲಿ ಕಾರ್ಬ್ ಹೆಚ್ಚು, ಪ್ರೊಟೀನ್ ಕಡಿಮೆ ಅನ್ನುವುದೂ ನಿಜ. ನಿನ್ನ ದಿನಚರಿಯನ್ನು ಹಾಳೆಯ ಮೇಲೆ ಬರೆದುಕೊಂಡು ಲೆಕ್ಕ ಹಾಕಿದೆ. 250 ಎಂ.ಎಲ್. ಕೂಲ್‌ಡ್ರಿಂಕ್ಸ್‌ನಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಐದು ಚಮಚ. ಮೂರು ಟೀಗೆ ಎರಡೆರಡು ಚಮಚ ಹಿಡಿದರೆ 30 ಗ್ರಾಂ. ಬಿಸ್ಕತ್ತು ಬಿಟ್ಟರೂ 55 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ.

ಈಗ ಅಮ್ಮನ ರೊಟ್ಟಿ ನೋಡು. ಒಂದು ಜೋಳದ ರೊಟ್ಟಿಗೆ 45 ಗ್ರಾಂ ಹಿಟ್ಟು ಅಂತ ಇಟ್ಟುಕೋ. ಅದರಲ್ಲಿ ಸುಮಾರು 30 ಗ್ರಾಂ ಕಾರ್ಬ್, ಆದರೆ ಜೊತೆಗೆ ನಾಲ್ಕೂವರೆ ಗ್ರಾಂ ಪ್ರೊಟೀನ್, ಅಷ್ಟೇ ನಾರು, ಒಂದಿಷ್ಟು ಕಬ್ಬಿಣ. ನಿಧಾನಕ್ಕೆ ಜೀರ್ಣವಾಗುತ್ತದೆ, ಹೊಟ್ಟೆ ತುಂಬಿದ ಹಾಗಿರುತ್ತದೆ. ಆ ಕೂಲ್‌ಡ್ರಿಂಕ್ಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಕಾರ್ಬ್ ಇದೆ, ಬೇರೆ ಏನೂ ಇಲ್ಲ. ಹತ್ತು ನಿಮಿಷದಲ್ಲಿ ರಕ್ತಕ್ಕೆ ಸೇರುತ್ತದೆ, ಒಂದು ಗಂಟೆಯಲ್ಲಿ ಮತ್ತೆ ಹಸಿವು. ನೀನು ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಮನೆಯಿಂದ ಆಚೆ ಹಾಕಿದ್ದೀಯ. ರೊಟ್ಟಿಯನ್ನು ಒಳಗೆ ಕರೆದುಕೋ.

ಹಾಗಾದರೆ ಏನು ಮಾಡಬೇಕು? ನಿನಗೆ ಮುದ್ರಿಸಿದ ಚಾರ್ಟ್ ಕೊಡುವುದಿಲ್ಲ. ನಿನ್ನದೇ ದಿನವನ್ನು ಸ್ವಲ್ಪ ತಿದ್ದೋಣ. ಬೆಳಿಗ್ಗೆ ಟೀ ಜೊತೆಗಿನ ಬಿಸ್ಕತ್ತು ಹೋಗಲಿ, ಸಕ್ಕರೆ ಒಂದು ಚಮಚಕ್ಕೆ ಇಳಿಯಲಿ. ಮೂರನೇ ಟೀ ಬೇಡ. ಅವಲಕ್ಕಿಯನ್ನೋ ಮಂಡಕ್ಕಿ ಒಗ್ಗರಣೆಯನ್ನೋ ಬಿಡಬೇಡ, ಆದರೆ ಅದಕ್ಕೆ ಒಂದು ಹಿಡಿ ಶೇಂಗಾ, ಒಂದು ಹಿಡಿ ಮೊಳಕೆ ಕಟ್ಟಿದ ಹೆಸರುಕಾಳು ಬೀಳಲಿ. 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ ಪ್ರೊಟೀನ್ ಇದೆ. ಮಧ್ಯಾಹ್ನದ ಡಬ್ಬಿ ನಿನ್ನ ದೊಡ್ಡ ತೊಂದರೆ. ಚಿತ್ರಾನ್ನ, ಪುಳಿಯೋಗರೆ ಅಂದರೆ ಬರೀ ಅನ್ನ ಮತ್ತು ಎಣ್ಣೆ. ಅಮ್ಮ ರಾತ್ರಿಗೆ ಹೇಗೂ ರೊಟ್ಟಿ ತಟ್ಟುತ್ತಾರಲ್ಲ, ಬೆಳಿಗ್ಗೆ ಎರಡು ತಟ್ಟಿ ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಕಟ್ಟಿಕೊಡಲಿ. ಮಡಕಿಕಾಳು, ಹುರುಳಿಕಾಳು, ಅಲಸಂದೆ ಯಾವುದಾದರೂ ಸರಿ. ಪನೀರಿಗಿಂತ ಎಷ್ಟೋ ಅಗ್ಗ, ಅಪ್ಪನ ಹತ್ತಿರ ಹೇಳಲು ಸಂಕೋಚ ಪಡಬೇಕಿಲ್ಲ.

ನಾಲ್ಕೂವರೆಯ ಹಸಿವು ಸುಳ್ಳು ಹಸಿವಲ್ಲ. ಬೆಳೆಯುವ ದೇಹದ ನಿಜವಾದ ಹಸಿವು ಅದು. ಅದಕ್ಕೇ ಬೇಕರಿ ಕೈ ಮಾಡಿ ಕರೆಯುವುದು. ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೋ: ಹುರಿಗಡಲೆ, ಶೇಂಗಾ, ಒಂದು ಪೇರಲೆಹಣ್ಣು ಅಥವಾ ಬಾಳೆಹಣ್ಣು. ಮಜ್ಜಿಗೆ ಪ್ಯಾಕೆಟ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ರಾತ್ರಿ ಎರಡು ರೊಟ್ಟಿ ತಿಂದ ಮೇಲೆ ಮತ್ತೆ ಅನ್ನ ಬೇಕಾ? ಒಂದು ರೊಟ್ಟಿ, ಒಂದು ಸಣ್ಣ ಬಟ್ಟಲು ಅನ್ನ, ದಪ್ಪ ಬೇಳೆಸಾರು, ಪಲ್ಯ ಜಾಸ್ತಿ. ಮಲಗುವ ಮುಂಚೆ ಒಂದು ಲೋಟ ಹಾಲು, ಸಕ್ಕರೆ ಹಾಕದೆ. ನಿನ್ನ ವಯಸ್ಸಿಗೆ ದಿನಕ್ಕೆ 1050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹುಡುಗಿಯರ ಮೂಳೆ ಬಹುಪಾಲು ಗಟ್ಟಿಯಾಗುವುದು 18 ವರ್ಷದ ಒಳಗೆ. ಈಗ ತುಂಬಿಸಿಕೊಂಡದ್ದೇ ಐವತ್ತು ವರ್ಷದ ಮೇಲೆ ನಿನ್ನನ್ನು ಕಾಯುವುದು.

ಈ ಊಟ ಶುರುಮಾಡಿದ ನಾಲ್ಕೈದು ದಿನದಲ್ಲಿ ತೂಕ ಒಂದೋ ಎರಡೋ ಕೆ.ಜಿ. ಏರುತ್ತದೆ. ಮುಂಚೆಯೇ ಹೇಳಿರುತ್ತೇನೆ, ಗಾಬರಿ ಆಗಬೇಡ. ಹೋದ ನೀರು ವಾಪಸ್ ಬಂದಿದೆ, ಅಷ್ಟೇ. ಆಮೇಲೆ ತಿಂಗಳಿಗೆ ಒಂದರಿಂದ ಎರಡು ಕೆ.ಜಿ. ಇಳಿದರೆ ಸಾಕು, ತುಂಬಾ ಸಾಕು. ಎರಡು ತಿಂಗಳಲ್ಲಿ 15 ಕೆ.ಜಿ. ಅನ್ನುವ ಗುರಿಯನ್ನು ಡೈರಿಯಿಂದ ಹೊಡೆದುಹಾಕು. ನಾಲ್ಕೂವರೆ ಗಂಟೆ ನಿದ್ದೆ ನಿನಗೆ ಸಾಲದು. ನಿದ್ದೆ ಕಡಿಮೆಯಾದಷ್ಟೂ ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದದ್ದರ ಮೇಲೆ. ಟ್ಯೂಷನ್‌ನಿಂದ ಮನೆಗೆ ನಡೆದು ಬರುವಷ್ಟು ದೂರ ಇದ್ದರೆ ಗೆಳತಿಯರ ಜೊತೆ ನಡೆದು ಬಾ.

ಇನ್ನು ಕುತ್ತಿಗೆ. ಮಗಳೇ, ಅದು ಕೊಳೆ ಅಲ್ಲ. ಕಡಲೆಹಿಟ್ಟು, ನಿಂಬೆಹಣ್ಣು, ನಾರು ಯಾವುದರಿಂದ ಉಜ್ಜಿದರೂ ಅದು ಹೋಗಲ್ಲ, ಚರ್ಮ ಉರಿಯುತ್ತದೆ ಅಷ್ಟೇ. ಮುಟ್ಟಿ ನೋಡಿದರೆ ಮಖಮಲ್ಲಿನ ಥರ ದಪ್ಪಗೆ ಇದೆಯಾ? ಕಂಕುಳಲ್ಲೂ ಹಾಗೇ ಇದೆಯಾ? ಹಾಗಿದ್ದರೆ ಸಾಮಾನ್ಯವಾಗಿ ಅದರ ಅರ್ಥ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಅನ್ನುವ ಹಾರ್ಮೋನಿನ ಮಾತನ್ನು ದೇಹ ಸರಿಯಾಗಿ ಕೇಳುತ್ತಿಲ್ಲ, ಆದ್ದರಿಂದ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿದೆ. ಸ್ನಾನ ಸರಿಯಾಗಿ ಮಾಡಲ್ಲ ಅಂತ ಎಷ್ಟೋ ಹುಡುಗಿಯರು ಮನೆಯಲ್ಲಿ ಬೈಸಿಕೊಂಡಿದ್ದಾರೆ. ನನ್ನ ಮುಂದೆ ಕೂತು ಅತ್ತಿದ್ದಾರೆ. ಇದನ್ನು ಓದುವ ಅಜ್ಜಿಯರು, ಅಮ್ಮಂದಿರು ದಯವಿಟ್ಟು ನೆನಪಿಡಿ, ಮಕ್ಕಳ ಕುತ್ತಿಗೆ ಉಜ್ಜಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಮುಟ್ಟು ಶುರುವಾದ ಮೊದಲ ಎರಡು-ಮೂರು ವರ್ಷ ಹಿಂದೆಮುಂದೆ ಆಗುವುದು ಸಹಜ. ಮೂರು ವರ್ಷ ಕಳೆದ ಮೇಲೂ 35 ದಿನಕ್ಕಿಂತ ತಡವಾಗುತ್ತಲೇ ಇದ್ದರೆ ತೋರಿಸಬೇಕು. 90 ದಿನ ಆಗದೇ ಇದ್ದರಂತೂ ಯಾವ ವಯಸ್ಸಿನಲ್ಲಾದರೂ ತೋರಿಸಬೇಕು. ನಿನಗೆ ತೂಕ, ಕುತ್ತಿಗೆಯ ಕಪ್ಪು, ತಡವಾದ ಮುಟ್ಟು ಮೂರೂ ಒಟ್ಟಿಗೆ ಇರುವುದರಿಂದ ಡಾಕ್ಟರ್ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ಹಿಂದೆಮುಂದೆ ಆಗುವ ತೊಂದರೆ) ಇದೆಯಾ ಅಂತ ನೋಡುತ್ತಾರೆ. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆಯಬಹುದು. ಜಿಲ್ಲಾ ಆಸ್ಪತ್ರೆಗೆ ಹೋದರೆ ಖರ್ಚು ಕಡಿಮೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ‘ಸ್ನೇಹ ಕ್ಲಿನಿಕ್’ ಇದೆ, ಅಲ್ಲಿ ಕೇಳು. ನಾಚಿಕೆ ಪಡಬೇಡ. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗು. ಇಂಥ ತೊಂದರೆ ಇರುವವರಿಗೆ ಸಕ್ಕರೆ, ಮೈದಾ, ಬಿಳಿ ಅನ್ನ ಕಡಿಮೆ ಮಾಡುವುದರಿಂದ ನಿಜವಾಗಿಯೂ ಲಾಭ ಇದೆ. ಎಷ್ಟು ಕಡಿಮೆ ಅನ್ನುವುದನ್ನು ನಿನ್ನ ರಿಪೋರ್ಟ್ ನೋಡಿದವರು ಹೇಳಲಿ.

ನನ್ನದೊಂದು ಮಾತು ಹೇಳುತ್ತೇನೆ. 1991ರಲ್ಲಿ ನಾನೂ ಪಿಯುಸಿ ಹುಡುಗಿ. ಹಾವೇರಿ ಕಡೆಯ ಹಳ್ಳಿಯಿಂದ ಬಂದು ಧಾರವಾಡದಲ್ಲಿ ಹಾಸ್ಟೆಲ್ ಸೇರಿದ್ದೆ. ಯಾರೋ ಏನೋ ಅಂದರು ಅಂತ ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಅರ್ಧ ರೊಟ್ಟಿ, ಮಧ್ಯಾಹ್ನ ನಾಲ್ಕು ತುತ್ತು. ಎರಡು ತಿಂಗಳಲ್ಲಿ ಲಂಗ ಸಡಿಲವಾಯಿತು, ತುಂಬಾ ಖುಷಿಪಟ್ಟೆ. ಮೂರನೇ ತಿಂಗಳು ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಯಾರಿಗೂ ಹೇಳಲಿಲ್ಲ. ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಅವ್ವ ಇದ್ದರು. ದಿನಾ ನನ್ನ ತಟ್ಟೆ ಹಾಗೇ ವಾಪಸ್ ಬರುವುದನ್ನು ನೋಡಿದ್ದರು. ಒಂದು ರಾತ್ರಿ ಬೈಯಲಿಲ್ಲ, ಕಾರಣ ಕೇಳಲಿಲ್ಲ. ಎರಡು ತಟ್ಟೆ ತಂದು ಪಕ್ಕದಲ್ಲಿ ಕೂತರು. ‘ನೀ ಉಂಡರ ನಾ ಉಣ್ತೀನಿ’ ಅಂದರು. ಬಿಸಿ ರೊಟ್ಟಿ, ಎಣ್ಣೆಗಾಯಿ. ಅವತ್ತು ನಾನು ಉಂಡೆ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಆ ರಾತ್ರಿಯೂ ಒಂದು ಕಾರಣ.

ಅದಕ್ಕೇ ನಿನ್ನನ್ನು ಇದನ್ನೂ ಕೇಳುತ್ತಿದ್ದೇನೆ. ದಿನಕ್ಕೆ ಮೂರು ಸಲ ತೂಕ ನೋಡುವುದು ನನಗೆ ಚಿಂತೆ ತಂದಿದೆ. ಇಡೀ ದಿನ ಊಟದ್ದೇ ಯೋಚನೆ ಬರುತ್ತದಾ? ತಿಂದ ಮೇಲೆ ತಪ್ಪು ಮಾಡಿದೆ ಅನಿಸುತ್ತದಾ? ಕದ್ದು ಜಾಸ್ತಿ ತಿಂದು ಆಮೇಲೆ ವಾಂತಿ ಮಾಡಬೇಕು ಅನಿಸಿದ್ದಿದೆಯಾ? ಒಂದಕ್ಕಾದರೂ ಹೌದು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತೂಕದ ಮಷಿನ್ ಅಮ್ಮನ ಬೀರುವಿನಲ್ಲಿರಲಿ, ತಿಂಗಳಿಗೆ ಎರಡು ಸಲ ಹೊರಗೆ ಬಂದರೆ ಸಾಕು.

ಅಮ್ಮನಿಗೂ ಈ ಪುಟ ತೋರಿಸು. ಅಮ್ಮ, ನಿಮ್ಮ ಮಗಳು ನಿಮ್ಮ ಅಡುಗೆಯನ್ನು ಬೇಡ ಅಂದಿಲ್ಲ. ಎಲ್ಲರ ಮುಂದೆ ಅನಿಸಿಕೊಂಡ ಮಾತು ಅವಳ ಗಂಟಲಿನಲ್ಲಿ ಸಿಕ್ಕಿಕೊಂಡಿದೆ. ಅಳಬೇಡಿ, ಪಕ್ಕದಲ್ಲಿ ಕೂತು ಉಣ್ಣಿ. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ ಇರಲಿ, ಅವಳಿಗೊಂದು ಬೇರೆ ಪಥ್ಯ ಬೇಡ. ಮುಂದಿನ ಮದುವೆಯಲ್ಲಿ ಆ ಅತ್ತೆ ಮತ್ತೆ ಹಾಗೆ ಅಂದರೆ, ‘ನನ್ನ ಮಗಳ ಮೈ ಬಗ್ಗೆ ಮಾತು ಬೇಡ’ ಅಂತ ನೀವೇ ಹೇಳಿ. ಮಗಳು ಅದನ್ನು ಕೇಳಿಸಿಕೊಳ್ಳಲಿ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಎರಡು ವರ್ಷದಿಂದ ಟೈಪ್-1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಇನ್ಸುಲಿನ್. ಅನ್ನ-ಚಪಾತಿ ಪೂರ್ತಿ ಬಿಟ್ಟರೆ ಇನ್ಸುಲಿನ್ ನಿಲ್ಲಿಸಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅವನಿಗೆ ಚುಚ್ಚುವಾಗ ನನ್ನ ಕೈ ನಡುಗುತ್ತದೆ. ಬಿಡಿಸಿ ನೋಡಲಾ?
(ಹುಬ್ಬಳ್ಳಿಯ ಒಬ್ಬ ತಾಯಿ)

ಉತ್ತರ: ಬೇಡ ತಾಯಿ. ಒಂದು ಹೊತ್ತಿನ ಇನ್ಸುಲಿನ್ ಕೂಡ ನಿಲ್ಲಿಸಬೇಡಿ. ವಿಡಿಯೋದವರು ಹೇಳಿದ್ದು ದೊಡ್ಡವರಿಗೆ ಬರುವ ಟೈಪ್-2 ಬಗ್ಗೆ ಇರಬಹುದು. ನಿಮ್ಮ ಮಗನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅವನು ಏನೂ ತಿನ್ನದೇ ಇದ್ದರೂ ಇನ್ಸುಲಿನ್ ಬೇಕು. ನಿಲ್ಲಿಸಿದರೆ ಕೀಟೋನ್ ಏರಿ ರಕ್ತ ಆಮ್ಲೀಯವಾಗುತ್ತದೆ. ಹೊಟ್ಟೆನೋವು, ವಾಂತಿ, ಜೋರು ಉಸಿರು ಶುರುವಾಗಿ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ.

ಅನ್ನ-ರೊಟ್ಟಿ ಬಿಡಿಸಿ ನೋಡುವ ಪ್ರಯೋಗ ಜಗತ್ತು ನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದೆ. ಇನ್ಸುಲಿನ್ ಸಿಗುವ ಮುಂಚೆ ಈ ಕಾಯಿಲೆಯ ಮಕ್ಕಳಿಗೆ ಇದ್ದ ಉಪಾಯ ಅದೊಂದೇ. ಅಮೆರಿಕದಲ್ಲಿ ಡಾಕ್ಟರ್ ಫ್ರೆಡರಿಕ್ ಆಲೆನ್ ಅನ್ನುವವರು ಕಾರ್ಬ್ ತೀರಾ ಕಡಿಮೆ ಮಾಡಿ, ಉಪವಾಸ ಹಾಕಿ ಮಕ್ಕಳನ್ನು ಕೆಲವು ತಿಂಗಳು, ಕೆಲವರನ್ನು ಒಂದೆರಡು ವರ್ಷ ಉಳಿಸುತ್ತಿದ್ದರು. ಮಕ್ಕಳು ಎಲುಬಿನ ಹಂದರವಾಗಿ ಮಲಗಿರುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಹುಡುಗ ಲಿಯೊನಾರ್ಡ್ ಥಾಂಪ್ಸನ್. ಅವನಿಗೂ 14 ವರ್ಷ, ನಿಮ್ಮ ಮಗನಷ್ಟೇ. ಆಗ ಅವನ ತೂಕ 30 ಕೆ.ಜಿ. ಕೂಡ ಇರಲಿಲ್ಲ. ಅದೇ ತಿಂಗಳು ಶುದ್ಧ ಮಾಡಿದ ಇನ್ಸುಲಿನ್ ಕೊಟ್ಟ ಮೇಲೆ ಚೇತರಿಸಿಕೊಂಡ, ಮುಂದೆ ಹದಿಮೂರು ವರ್ಷ ಬದುಕಿದ. ನಿಮ್ಮ ನಡುಗುವ ಕೈಯಲ್ಲಿರುವುದು ಆ ಔಷಧಿ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಇದೇ ವಿಷಯದ ಮೇಲೆ ಒಂದು ವರದಿ ಕೊಟ್ಟಿತು. ಟೈಪ್-1 ಇರುವ ಮಕ್ಕಳಿಗೆ ಕಾರ್ಬ್ ತೀರಾ ಕಡಿಮೆ ಮಾಡುವ ಡಯಟ್ ಬೇಡ, ಮಾಡುವುದೇ ಆದರೆ ಸಕ್ಕರೆ ಕಾಯಿಲೆ ನೋಡುವ ತಂಡದ ನಿಗಾ ಬೇಕೇ ಬೇಕು ಅನ್ನುವುದು ಅದರ ತಿರುಳು. ಇನ್ಸುಲಿನ್ ಕೊಟ್ಟು ಊಟ ಕೊಡದಿದ್ದರೆ ಶುಗರ್ ಥಟ್ಟನೆ ಇಳಿಯುವ ಭಯವೂ ಇದೆ. ಬೆವರು, ನಡುಕ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ನೀವು ಕಲಿಯಬೇಕಾದದ್ದು ಕಾರ್ಬ್ ಎಣಿಸುವುದನ್ನು. ನಿಮ್ಮ ಮನೆಯ ಬಟ್ಟಲು ತೆಗೆದುಕೊಂಡೇ ಡಯೆಟಿಷಿಯನ್ ಹತ್ತಿರ ಹೋಗಿ. ಆ ಬಟ್ಟಲು ಅನ್ನದಲ್ಲಿ ಎಷ್ಟು, ಒಂದು ಚಪಾತಿಯಲ್ಲಿ ಎಷ್ಟು, ಅದಕ್ಕೆ ಎಷ್ಟು ಯೂನಿಟ್ ಅನ್ನುವುದನ್ನು ಬರೆಸಿಕೊಳ್ಳಿ. 14ರ ಹುಡುಗ ತಾನೇ ಚುಚ್ಚಿಕೊಳ್ಳುವುದನ್ನು ಕಲಿಯಬಹುದು. ಅವನಿಗೆ ಕಲಿಸಿ, ನೀವು ಪಕ್ಕದಲ್ಲಿರಿ.

ಪ್ರಶ್ನೆ: ನನಗೆ 17. ಮಂಡ್ಯ ಹತ್ತಿರದ ಹಳ್ಳಿ. ಆರು ತಿಂಗಳಿಂದ ಜಿಮ್. ಮುದ್ದೆ ಬಿಟ್ಟರೇ ಕಟ್ (ಸ್ನಾಯುವಿನ ಗೆರೆ) ಬರೋದು, ಹತ್ತು ಮೊಟ್ಟೆಯ ಬಿಳಿ ತಿನ್ನು ಅಂತಾರೆ ಕೋಚ್. ಅಜ್ಜ ಒಪ್ಪುತ್ತಿಲ್ಲ. ಯಾರ ಮಾತು ಕೇಳಲಿ ಮೇಡಂ?

ಉತ್ತರ: ಅಜ್ಜನ ಮಾತು ಕೇಳಪ್ಪ. 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ 3300 ಕ್ಯಾಲೊರಿ ಹತ್ತಿರ ಬೇಕು. ನೀನು ಇನ್ನೂ ಬೆಳೆಯುತ್ತಿದ್ದೀಯ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಷ್ಟು ಅಕ್ಕಿಯಲ್ಲೂ ಇಲ್ಲ, ಗೋಧಿಯಲ್ಲೂ ಇಲ್ಲ. ಭಾರ ಎತ್ತುವ ಸ್ನಾಯುವಿಗೆ ಉರುವಲು ಕಾರ್ಬ್‌ನಿಂದಲೇ ಬರಬೇಕು. ಅದು ಸಿಗದಿದ್ದರೆ ತಿಂದ ಪ್ರೊಟೀನನ್ನೇ ದೇಹ ಉರಿಸುತ್ತದೆ, ನಿನ್ನ ಮೊಟ್ಟೆಯ ದುಡ್ಡು ದಂಡ. ನಿನ್ನ ವಯಸ್ಸಿಗೆ 55 ಗ್ರಾಂ ಪ್ರೊಟೀನ್ ಲೆಕ್ಕ, ಜಿಮ್ ಮಾಡುವುದರಿಂದ ಸ್ವಲ್ಪ ಜಾಸ್ತಿ ಇರಲಿ. ಹಳದಿ ಎಸೆಯದೆ ಎರಡು-ಮೂರು ಇಡೀ ಮೊಟ್ಟೆ, ಬಸ್ಸಾರು, ಹುರುಳಿಕಾಳು ಸಾರು ಅಥವಾ ಅವರೆಕಾಳು, ಮನೆಯ ಹಾಲು-ಮೊಸರು ಸೇರಿದರೆ ಅದು ತುಂಬುತ್ತದೆ. ಡಬ್ಬಿಯ ಪುಡಿ ಕೊಳ್ಳಬೇಡ. ಮಧ್ಯಾಹ್ನ ಒಂದು, ರಾತ್ರಿ ಒಂದು ಮುದ್ದೆ ಉಣ್ಣು. ಉಂಡು ಎರಡು ಗಂಟೆ ಬಿಟ್ಟು ಜಿಮ್‌ಗೆ ಹೋಗು.